ಕಾಳಿ ನದಿಯ ಮೀನಿನಲ್ಲಿ ಎಷ್ಟಿದೆ? ಅಳೆಯುವವರಿಗೂ ಪ್ರಕಟಿಸುವವರಿಗೂ ಒಂದು ಬಹಿರಂಗ ಪತ್ರ

ಗೆ,
ಮೀನುಗಾರಿಕೆ ಇಲಾಖೆ, ಕರ್ನಾಟಕ ಸರ್ಕಾರ
ಜಿಲ್ಲಾಡಳಿತ, ಉತ್ತರ ಕನ್ನಡ
ಪರಮಾಣು ಶಕ್ತಿ ನಿಯಂತ್ರಣ ಮಂಡಳಿ, ಮುಂಬೈ

ಮಾನ್ಯರೇ,

ಅಣು ಸ್ಥಾವರದ ಹತ್ತಿರದ ನದಿಯಲ್ಲಿ ಹಿಡಿದ ಮೀನನ್ನು ಮನೆಗೆ ಒಯ್ಯುವವರು ಕೇಳುವ ಪ್ರಶ್ನೆ ಒಂದೇ: ಇದರಲ್ಲಿ ವಿಕಿರಣಶೀಲ ವಸ್ತು ಎಷ್ಟಿದೆ? ಲೋಕದ ಯಾವ ಮೂಲೆಯಲ್ಲಾದರೂ ಇದಕ್ಕೆ ಸಿಗುವ ಉತ್ತರ ಹೆಚ್ಚಾಗಿ 'ಮಿತಿಯೊಳಗಿದೆ' ಅಥವಾ 'ಪತ್ತೆಯಾಗಿಲ್ಲ'. ಎರಡೂ ನಿಜವೇ ಇರಬಹುದು. ಆದರೆ 'ಎಷ್ಟು' ಎಂದು ಕೇಳಿದವರಿಗೆ ಎರಡರಲ್ಲೂ ಉತ್ತರವಿಲ್ಲ. ಕಾಳಿಯ ಮೀನಿಗೆ ಆ ಉತ್ತರ ಕೊಡಲು ಏನೇನು ಬೇಕು, ಎಲ್ಲೆಲ್ಲಿ ಎಡವಟ್ಟಾಗುತ್ತದೆ ಎಂಬುದನ್ನು ಈ ಪತ್ರದಲ್ಲಿ ಬಿಡಿಸಿ ಬರೆದಿದ್ದೇವೆ.

ಕೈಗಾದಲ್ಲಿ ತಲಾ 220 ಮೆಗಾವಾಟಿನ ನಾಲ್ಕು ಘಟಕಗಳಿವೆ. ಮೊದಲೆರಡು 2000ದಲ್ಲಿ, ಮೂರನೆಯದು 2007ರಲ್ಲಿ, ನಾಲ್ಕನೆಯದು 2011ರಲ್ಲಿ ಶುರುವಾದವು. ತಂಪು ಮಾಡುವ ನೀರು ಕಾಳಿಯ ಕದ್ರಾ ಜಲಾಶಯದ್ದು. ತಲಾ 700 ಮೆಗಾವಾಟಿನ 5 ಮತ್ತು 6ನೇ ಘಟಕಗಳಿಗೆ ಕೇಂದ್ರ ಸಂಪುಟ 2017ರಲ್ಲಿ ಒಪ್ಪಿಗೆ ಕೊಟ್ಟಿತು. ಹೊಸ ಘಟಕಗಳು ಚಾಲೂ ಆದ ಮೇಲೆ ಬರುವ ಅಂಕಿಯನ್ನು ಹೋಲಿಸಲು ಅದಕ್ಕೂ ಮುಂಚಿನ ಅಂಕಿ ಕೈಯಲ್ಲಿರಬೇಕು, ಅದೂ ಅದೇ ಜಾಗದ್ದು, ಅದೇ ಜಾತಿಯ ಮೀನಿನದು, ಅದೇ ವಿಧಾನದ್ದು. ಕೈಗಾದ ಪರಿಸರ ಸಮೀಕ್ಷಾ ಪ್ರಯೋಗಾಲಯ ಸ್ಥಾವರ ಚಾಲೂ ಆಗುವ ಮೊದಲಿನಿಂದಲೂ ನೀರು, ಮಣ್ಣು, ಮೀನುಗಳನ್ನು ಪರೀಕ್ಷಿಸುತ್ತ ಬಂದಿದೆ. ಹಾಗಾಗಿ ನಾವು ಕೇಳುತ್ತಿರುವುದು ಹೊಸ ಸಂಸ್ಥೆಯನ್ನಲ್ಲ. ಮೀನಿನ ಅಳತೆಯನ್ನು ತಿನ್ನುವವರ ಕಡೆಯಿಂದ ನೋಡಿ ವಿನ್ಯಾಸ ಮಾಡಿ, ಅಂಕಿಯನ್ನು ಪೂರ್ತಿಯಾಗಿ ಬರೆದು ಹಾಕಿ ಎಂದಷ್ಟೇ.

ಸಿಹಿನೀರಿನ ಮೀನಿಗೇ ಇಷ್ಟು ಒತ್ತು ಯಾಕೆ? ರಿಯಾಕ್ಟರಿನಲ್ಲೂ ಅಣುಬಾಂಬಿನಲ್ಲೂ ಹುಟ್ಟುವ ವಿಕಿರಣಶೀಲ ಸೀಸಿಯಂ ರಾಸಾಯನಿಕವಾಗಿ ಪೊಟ್ಯಾಸಿಯಂನ ದಾಯಾದಿ. ಸಮುದ್ರದ ಮೀನಿನ ಸುತ್ತ ಉಪ್ಪು ಧಾರಾಳ, ಹೆಚ್ಚಾದದ್ದನ್ನು ಅದು ಸದಾ ಹೊರಹಾಕುತ್ತಿರುತ್ತದೆ, ಅದರ ಜೊತೆ ಸೀಸಿಯಂ ಕೂಡ ಹೋಗುತ್ತದೆ. ಸಿಹಿನೀರಿನ ಮೀನಿನದು ಬಡವನ ಸಂಸಾರ. ಸಿಕ್ಕ ಲವಣವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ಸೀಸಿಯಂ ಬಂದರೂ ಪೊಟ್ಯಾಸಿಯಂ ಎಂದೇ ಬಗೆದು ಮಾಂಸದಲ್ಲಿ ಇಟ್ಟುಕೊಳ್ಳುತ್ತದೆ. ಲೀಟರ್ ನೀರಿನಲ್ಲಿ ಇರುವುದಕ್ಕೆ ಹೋಲಿಸಿದರೆ ಒಂದು ಕಿಲೋ ಮಾಂಸದಲ್ಲಿ ಸಮುದ್ರದ ಮೀನಿಗೆ ಸುಮಾರು 100 ಪಟ್ಟು ಸೀಸಿಯಂ ಸೇರಿದರೆ, ಸಿಹಿನೀರಿನ ಮೀನಿಗೆ ಅದು ಸಾವಿರಗಳ ಲೆಕ್ಕ. ನೀರಿನಲ್ಲಿ ಪೊಟ್ಯಾಸಿಯಂ ಕಡಿಮೆಯಾದಷ್ಟೂ ಈ ಪಟ್ಟು ಏರುತ್ತದೆ. ಪಶ್ಚಿಮ ಘಟ್ಟದಿಂದ ಕಡಲಿಗಿಳಿಯುವ ನದಿಗಳ ನೀರು ಮೆದು, ಲವಣ ಕಡಿಮೆ. ಸ್ವೀಡನ್, ನಾರ್ವೆಗಳಲ್ಲಿ 1986ರ ಚೆರ್ನೋಬಿಲ್ ನಂತರ ಕೆರೆಮೀನಿನ ತೊಂದರೆ ವರ್ಷಗಟ್ಟಲೆ ಎಳೆದದ್ದಕ್ಕೆ, ಫುಕುಶಿಮಾ ಆದಮೇಲೆ ಕಡಲಮೀನು ಬೇಗ ಚೇತರಿಸಿಕೊಂಡರೂ ಒಳನಾಡಿನ ಕೆಲವು ಹೊಳೆ-ಸರೋವರಗಳ ಮೀನಿನ ಮೇಲಿನ ನಿರ್ಬಂಧ ಬಹುಕಾಲ ಉಳಿದದ್ದಕ್ಕೆ ಇದೂ ಒಂದು ಕಾರಣ. ಕೈಗಾದಲ್ಲಿ ಹಾಗೇನೋ ಆಗಿದೆ ಎಂದು ಇದರ ಅರ್ಥವಲ್ಲ. ನೀರನ್ನಷ್ಟೇ ಅಳೆದು ಮೀನಿನ ಬಗ್ಗೆ ಊಹಿಸಲಾಗದು ಎಂದು ಅರ್ಥ.

ಇನ್ನು ಮೀನು ಹಿಡಿಯುವ ವಿಚಾರ. ಅಳತೆಯ ಅರ್ಧ ತಪ್ಪುಗಳು ಯಂತ್ರದ ಹತ್ತಿರ ಬರುವ ಮೊದಲೇ ಆಗಿಬಿಟ್ಟಿರುತ್ತವೆ. ನಾಲ್ಕು ಜಾಗ ಸಾಕು: ಕದ್ರಾ ಜಲಾಶಯದಲ್ಲಿ ಸ್ಥಾವರದ ನೀರು ಬಂದು ಸೇರುವ ಭಾಗ, ಅಣೆಕಟ್ಟಿನ ಕೆಳಗೆ ಮಲ್ಲಾಪುರದ ಕಡೆ, ಉಪ್ಪುನೀರು ಬೆರೆಯುವ ಕಾರವಾರದ ಅಳಿವೆ, ಮತ್ತು ಹೋಲಿಕೆಗೆ ಸ್ಥಾವರದ ಮೇಲ್ಭಾಗದ ಕೊಡಸಳ್ಳಿ ಅಥವಾ ಸೂಪಾ. ಹೋಲಿಕೆಯ ಮೀನಿಲ್ಲದೆ ಕೆಳಗಿನ ಮೀನಿನ ಅಂಕಿಗೆ ಅರ್ಥವೇ ಇಲ್ಲ. 1945ರಿಂದ 1980ರವರೆಗೆ ವಾತಾವರಣದಲ್ಲಿ ನಡೆದ ಬಾಂಬ್ ಪರೀಕ್ಷೆಗಳ ಸೀಸಿಯಂ-137 ಇಂದಿಗೂ ಎಲ್ಲ ಕಡೆಯ ಮಣ್ಣಿನಲ್ಲಿದೆ, ಸೂಪಾದ ಮೀನಿನಲ್ಲೂ ಚೂರುಪಾರು ಸಿಕ್ಕೀತು.

ಜಾತಿ ಮೂರು ಬಗೆಯದಿರಲಿ: ತಳ ಕೆದಕಿ ತಿನ್ನುವ ಗೆಂಡೆಯಂಥದ್ದು, ಬೇರೆ ಮೀನನ್ನು ಹಿಡಿದು ತಿನ್ನುವ ಕೊರವದಂಥದ್ದು, ತಲೆ-ಮುಳ್ಳು ಸಮೇತ ಹುರಿದು ತಿನ್ನುವ ಸಣ್ಣ ಮೀನು. ಬೇಟೆಗಾರ ಮೀನಿನಲ್ಲಿ ಸೀಸಿಯಂ ಅದು ತಿನ್ನುವ ಮೀನಿಗಿಂತ ಎರಡು ಮೂರು ಪಟ್ಟು ಹೆಚ್ಚಿರುವುದುಂಟು, ಏರುವುದೂ ತಡವಾಗಿ. ನಾರ್ಡಿಕ್ ಕೆರೆಗಳಲ್ಲಿ ಸಣ್ಣ ಮೀನಿನ ಮಟ್ಟ ಇಳಿಯತೊಡಗಿದ ಮೇಲೂ ದೊಡ್ಡ ಬೇಟೆಗಾರ ಮೀನುಗಳಲ್ಲಿ ಏರುತ್ತಲೇ ಇತ್ತು. ಮಾರುಕಟ್ಟೆಯಲ್ಲಿ ಸುಲಭವಾಗಿ ಸಿಗುತ್ತದೆಂದು ಕಾಟ್ಲಾ ಒಂದನ್ನೇ ಅಳೆದರೆ ಇದು ಕಣ್ಣಿಗೆ ಬೀಳುವುದಿಲ್ಲ. ಕಾಟ್ಲಾದಲ್ಲಿ ಇನ್ನೂ ಒಂದು ಗುಂಡಿಯಿದೆ: ಜಲಾಶಯಗಳಿಗೆ ಮರಿ ಬಿಡುವುದು ನಿಮ್ಮದೇ ಮೀನುಗಾರಿಕೆ ಇಲಾಖೆ. ಎಲ್ಲೋ ಮರಿಕೇಂದ್ರದಲ್ಲಿ ಬೆಳೆದು ಕದ್ರಾಕ್ಕೆ ಬಂದು ತಿಂಗಳಾದ ಮೀನು ಕದ್ರಾದ ಕಥೆ ಹೇಳುವುದಿಲ್ಲ, ಏಕೆಂದರೆ ಸೀಸಿಯಂ ಮಾಂಸಕ್ಕೆ ಸೇರಲು ತಿಂಗಳುಗಳೇ ಬೇಕು. ಮರಿ ಬಿಟ್ಟ ದಿನಾಂಕ ನಿಮ್ಮ ಕಡತದಲ್ಲಿರುತ್ತದೆ, ಅದನ್ನು ಮಾದರಿ ಚೀಟಿಗೆ ಸೇರಿಸಿದರೆ ಆಯಿತು. ಅಂಗಡಿಯಿಂದ ಕೊಂಡ ಮೀನಂತೂ ಬೇಡವೇ ಬೇಡ, ಅದು ಯಾವ ನೀರಿನದೆಂದು ಮಾರುವವರಿಗೂ ಖಾತ್ರಿ ಇರುವುದಿಲ್ಲ.

ಕಾಲ ಎರಡು: ನೀರು ಇಳಿದಿರುವ ಏಪ್ರಿಲ್-ಮೇ, ಮಳೆ ನಿಂತ ಮೇಲಿನ ಅಕ್ಟೋಬರ್-ನವೆಂಬರ್. ಆಗಸ್ಟಿನಲ್ಲಿ ಹೊಳೆ ತುಂಬಿ ಹರಿಯುವಾಗ ತೆಗೆದ ಒಂದೇ ಮಾದರಿ ವರ್ಷದ ಅತಿ ತೆಳುವಾದ ನೀರಿನ ಚಿತ್ರ.

ಒಂದು ಲೀಟರಿನ ಮಾರಿನೆಲ್ಲಿ ಬೀಕರ್ (ಡಿಟೆಕ್ಟರಿನ ಮೇಲೆ ಟೊಪ್ಪಿಗೆಯಂತೆ ಕೂರುವ ಪಾತ್ರೆ) ತುಂಬಲು ಸುಮಾರು ಒಂದು ಕಿಲೋ ಮಾಂಸ ಬೇಕು. ಗೆಂಡೆ ಜಾತಿಯ ಮೀನಿನಲ್ಲಿ ಬರಿ ಮಾಂಸ ಅರ್ಧಕ್ಕಿಂತ ಕಡಿಮೆ ಬರುತ್ತದೆ, ಹಾಗಾಗಿ ಎರಡೂವರೆ ಮೂರು ಕಿಲೋ ಮೀನು ಹಿಡಿಯಬೇಕು, ಕನಿಷ್ಠ ಐದು ಮೀನಿನಿಂದ. ಒಂದೇ ಜಾತಿಯವನ್ನು ಕೂಡಿಸಬಹುದು, ಕೊರವಕ್ಕೆ ಗೆಂಡೆ ಬೆರೆಸಬಾರದು. ಉದ್ದ, ತೂಕ, ಹಿಡಿದ ದಿನ, ಜಾಗ, ಬಲೆಯ ಬಗೆ ಅಲ್ಲೇ ಬರೆದುಕೊಳ್ಳಬೇಕು. ಹೊಟ್ಟೆ ಸೀಳುವಾಗ ಕರುಳಿನ ಕೆಸರು ಮಾಂಸಕ್ಕೆ ತಾಗದಂತೆ ನೋಡಿಕೊಳ್ಳಬೇಕು. ಕೆಸರಿನಲ್ಲಿ ಸೀಸಿಯಂ ಮಾಂಸಕ್ಕಿಂತ ಎಷ್ಟೋ ಹೆಚ್ಚು ಇರಬಹುದು, ಒಂದು ಚಿಟಿಕೆ ಬಿದ್ದರೂ ಅಂಕಿ ಕೆಡುತ್ತದೆ.

ಇಲ್ಲಿ ಒಂದು ಮಾತು ಜೋರಾಗಿ ಹೇಳಬೇಕಿದೆ. ಪ್ರಯೋಗಾಲಯದಲ್ಲಿ ಚರ್ಮ, ತಲೆ, ಮುಳ್ಳು ತೆಗೆದು ಬಿಳಿ ಮಾಂಸ ಅಳೆಯುವುದು ರೂಢಿ. ಮನೆಯಲ್ಲಿ ತಲೆಯ ಸಾರು ಮಾಡುತ್ತಾರೆ, ಸಣ್ಣ ಮೀನನ್ನು ಮುಳ್ಳು ಸಮೇತ ಅಗಿಯುತ್ತಾರೆ, ಮಳೆಗಾಲಕ್ಕೆಂದು ಒಣಗಿಸಿಡುತ್ತಾರೆ. ವಿಕಿರಣಶೀಲ ಧಾತುಗಳಲ್ಲಿ ಸೀಸಿಯಂ ಇರುವುದು ಮಾಂಸದಲ್ಲಿ, ಸ್ಟ್ರಾನ್ಶಿಯಂ-90 ಸೇರುವುದು ಮುಳ್ಳಿಗೆ, ಪೊಲೋನಿಯಂ-210 ಹೆಚ್ಚಿರುವುದು ಯಕೃತ್ತು-ಕರುಳಿನಲ್ಲಿ. ಬರಿ ಮಾಂಸ ಅಳೆದು 'ಮೀನು ಸರಿಯಿದೆ' ಎಂದರೆ ಸಣ್ಣ ಮೀನು ತಿನ್ನುವವರಿಗೆ ಉತ್ತರ ಕೊಟ್ಟಂತಾಗಲಿಲ್ಲ. ದೊಡ್ಡ ಮೀನಿಗೆ ಮಾಂಸ, ಸಣ್ಣ ಮೀನಿಗೆ ಇಡೀ ಮೀನು, ಅಳಿವೆಗೆ ಬಳಚು ಕೂಡ: ಇದು ನಮ್ಮ ಬೇಡಿಕೆ.

ಮುಂದಿನದು ಗಾಮಾ ಎಣಿಕೆ, ಅಂದರೆ ಮಾದರಿಯಿಂದ ಹೊಮ್ಮುವ ಗಾಮಾ ಕಿರಣಗಳನ್ನು ಎಣಿಸುವುದು. ಮೊದಲೇ ಹೇಳಿಬಿಡುತ್ತೇವೆ: ಆನ್‌ಲೈನಿನಲ್ಲಿ ಸಿಗುವ ಗೈಗರ್ ಕೌಂಟರನ್ನು ಮೀನಿಗೆ ಹಿಡಿದು ಏನೂ ತಿಳಿಯುವುದಿಲ್ಲ. ಜಪಾನಿನ ಮಿತಿಯಾದ ಕಿಲೋಗೆ 100 ಬೆಕ್ಕರೆಲ್ (ಸೆಕೆಂಡಿಗೆ ಒಂದು ಪರಮಾಣು ಒಡೆದರೆ ಒಂದು ಬೆಕ್ಕರೆಲ್) ಸೀಸಿಯಂ ಇರುವ ಮೀನನ್ನು ಇಟ್ಟರೂ ಕೌಂಟರಿನ ಸೂಚಿ ಅಲುಗುವುದಿಲ್ಲ, ಸುತ್ತಲಿನ ಕಲ್ಲು-ಮಣ್ಣಿನ ಸಹಜ ವಿಕಿರಣದಲ್ಲೇ ಅದು ಮುಳುಗಿಹೋಗುತ್ತದೆ. ಬೇಕಾದದ್ದು ಸೀಸದ ಗೂಡಿನೊಳಗೆ ಕೂರಿಸಿದ ಜರ್ಮೇನಿಯಂ ಡಿಟೆಕ್ಟರ್.

ಮಾಂಸವನ್ನು ಕೊಚ್ಚಿ ನಯ ಮಾಡಿ, ಬೀಕರಿಗೆ ಪ್ಲಾಸ್ಟಿಕ್ ಚೀಲದ ಅಸ್ತರ ಹಾಕಿ, ಗುರುತಿನ ಗೆರೆಯವರೆಗೆ ಗಾಳಿಗುಳ್ಳೆ ಇಲ್ಲದಂತೆ ಒತ್ತಿ ತುಂಬಬೇಕು. ಡಿಟೆಕ್ಟರಿನ ದಕ್ಷತೆ (ಹೊಮ್ಮಿದ ಗಾಮಾಗಳಲ್ಲಿ ಅದು ಎಣಿಸುವ ಪಾಲು) ಗೊತ್ತುಮಾಡಿದ್ದು ಅದೇ ಬೀಕರಿನಲ್ಲಿ, ಅದೇ ಎತ್ತರಕ್ಕೆ, ಹತ್ತಿರ ಹತ್ತಿರ ಅದೇ ಸಾಂದ್ರತೆಯ ಮಾನಕ ದ್ರವದಿಂದ ಆಗಿರಬೇಕು. ಒಣಗಿಸಿದ ಮೀನಿನ ಪುಡಿ ಹಸಿ ಮಾಂಸಕ್ಕಿಂತ ಬಹಳ ಹಗುರ, ಅದನ್ನು ನೀರಿನ ದಕ್ಷತೆಯಿಂದ ಲೆಕ್ಕ ಹಾಕಿದರೆ ತಪ್ಪು ಬರುತ್ತದೆ, ಕಡಿಮೆ ಶಕ್ತಿಯ ಗಾಮಾಗಳಲ್ಲಿ ಇನ್ನೂ ಹೆಚ್ಚು. ಬೂದಿ ಮಾಡುವುದಾದರೆ ಉಷ್ಣತೆ 450 ಡಿಗ್ರಿ ದಾಟಬಾರದು, ದಾಟಿದರೆ ಸೀಸಿಯಂ ಹಾರಿಹೋಗುತ್ತದೆ. ಬೂದಿಯ ಅಂಕಿ ಕಡಿಮೆ ಬಂದಾಗ ಮೊದಲು ಕುಲುಮೆಯ ಉಷ್ಣತೆಯನ್ನು ಅನುಮಾನಿಸಿ.

ಒಂದೊಂದರ ಗಾಮಾಕ್ಕೂ ತನ್ನದೇ ಶಕ್ತಿ ಇರುತ್ತದೆ, ಅದೇ ಅದರ ಗೆರೆ. ನೋಡಬೇಕಾದ ಗೆರೆಗಳು: ಸೀಸಿಯಂ-137ಕ್ಕೆ 661.7 ಕೆಇವಿ (ಗಾಮಾ ಶಕ್ತಿಯ ಮಾನ), ಸೀಸಿಯಂ-134ಕ್ಕೆ 604.7 ಮತ್ತು 795.9, ಕೋಬಾಲ್ಟ್-60ಕ್ಕೆ 1173 ಮತ್ತು 1332. ಸೀಸಿಯಂ-134ರ ಅರ್ಧಾಯುಷ್ಯ (ಇದ್ದದ್ದು ಅರ್ಧಕ್ಕಿಳಿಯುವ ಕಾಲ) ಬರಿ ಎರಡು ವರ್ಷ, ಬಾಂಬ್ ಪರೀಕ್ಷೆಗಳ ಧೂಳಿನಲ್ಲಿ ಅದು ಉಳಿದಿಲ್ಲ. ಅದು ಕಂಡರೆ ಮೂಲ ರಿಯಾಕ್ಟರಿನದು, ಇತ್ತೀಚಿನದು. ಅದಕ್ಕೇ ಅದರ ಹೆಸರು ಹೇಳುವ ಮೊದಲು ಮೂರು ಸಲ ಯೋಚಿಸಬೇಕು: ಮಣ್ಣು-ಕಲ್ಲಿನಿಂದ ಬರುವ ರೇಡಾನ್ ಅನಿಲದ ಸಂತತಿಯ ಬಿಸ್ಮತ್-214 ಪಕ್ಕದಲ್ಲೇ 609.3ರಲ್ಲಿ ಕೂತಿರುತ್ತದೆ. ಜರ್ಮೇನಿಯಂನಲ್ಲಿ ಇವೆರಡೂ ಬೇರೆಬೇರೆ ಶಿಖರ, ಸೋಡಿಯಂ ಅಯೋಡೈಡ್ ಡಿಟೆಕ್ಟರಿನಲ್ಲಿ ಒಂದೇ ಗುಡ್ಡ. ಕಿಟಕಿ ಮುಚ್ಚಿದ ಕೋಣೆಯಲ್ಲಿ ರೇಡಾನ್ ಏರಿದ ದಿನ ಅಗ್ಗದ ಯಂತ್ರ ಇಲ್ಲದ ಸೀಸಿಯಂ-134 ತೋರಿಸುತ್ತದೆ. ಜರ್ಮೇನಿಯಂ ತಂಪು ಮಾಡುವ ದ್ರವ ಸಾರಜನಕದ ಆವಿಯನ್ನೇ ಸಣ್ಣ ಕೊಳವೆಯಿಂದ ಸೀಸದ ಗೂಡಿನೊಳಕ್ಕೆ ಬಿಟ್ಟರೆ ರೇಡಾನ್ ಹೊರಗೆ ಹೋಗುತ್ತದೆ, ಖರ್ಚೂ ಇಲ್ಲ.

ಈಗ 'ಪತ್ತೆಯಾಗಿಲ್ಲ' ಎಂಬ ಪದಕ್ಕೆ ಬರೋಣ. ಒಂದು ಉದಾಹರಣೆ ಲೆಕ್ಕ ಮಾಡಿ ನೋಡಿ. 661.7ರ ಗೆರೆಗೆ ಡಿಟೆಕ್ಟರಿನ ದಕ್ಷತೆ ಶೇ. 1.8, ಗಾಮಾ ಹೊಮ್ಮುವ ಪ್ರಮಾಣ ಶೇ. 85, ಶಿಖರದಡಿಯ ಹಿನ್ನೆಲೆ ಸೆಕೆಂಡಿಗೆ 0.005 ಎಣಿಕೆ ಎಂದಿಟ್ಟುಕೊಳ್ಳಿ. ಒಂದು ಕಿಲೋ ಮಾಂಸವನ್ನು 60,000 ಸೆಕೆಂಡು ಎಣಿಸಿದರೆ ಹಿನ್ನೆಲೆ 300. ಪತ್ತೆ ಮಿತಿಯ (ಯಂತ್ರ ಖಚಿತವಾಗಿ ಕಾಣಬಲ್ಲ ಕನಿಷ್ಠ ಪ್ರಮಾಣದ) ರೂಢಿಯ ಸೂತ್ರ ಹಿನ್ನೆಲೆಯ ವರ್ಗಮೂಲವನ್ನು 4.65ರಿಂದ ಗುಣಿಸಿ 2.71 ಕೂಡಿಸುವುದು, 83 ಎಣಿಕೆ ಬರುತ್ತದೆ. ಅಂದರೆ ಕಿಲೋಗೆ 0.09 ಬೆಕ್ಕರೆಲ್. ಅದೇ ಯಂತ್ರದಲ್ಲಿ ಅದೇ ಮಾಂಸವನ್ನು 1,000 ಸೆಕೆಂಡು ಎಣಿಸಿದರೆ ಮಿತಿ 0.86. ಮಾಂಸ 100 ಗ್ರಾಂ ಮಾತ್ರ ಇಟ್ಟು, ದಕ್ಷತೆ ಅಷ್ಟೇ ಎಂದು ಹಿಡಿದರೆ 8.6. ಒಂದೇ ಮೀನು, ಮೂರು ವರದಿಯಲ್ಲೂ 'ಪತ್ತೆಯಾಗಿಲ್ಲ'. ನಡುವಿನ ಅಂತರ ತೊಂಬತ್ತು ಪಟ್ಟಿಗಿಂತ ಹೆಚ್ಚು. ಹಾಗಾಗಿ ವರದಿಯಲ್ಲಿ ಆ ಪದದ ಬದಲು '0.09ಕ್ಕಿಂತ ಕಡಿಮೆ' ಎಂದು ಬರೆಯಿರಿ, ಎಣಿಸಿದ ಕಾಲ ಮತ್ತು ತೂಕದ ಜೊತೆ. ಸರಾಸರಿ ತೆಗೆಯುವಾಗ ಪತ್ತೆಯಾಗದ್ದನ್ನು ಸೊನ್ನೆ ಎಂದು ಹಾಕಿದಿರೋ ಮಿತಿಯ ಅರ್ಧ ಎಂದು ಹಾಕಿದಿರೋ ಅದನ್ನೂ ಹೇಳಿ.

ಅಂಕಿ ನಂಬಬಹುದೇ ಎಂದು ನೋಡಲು ಮೀನಿನೊಳಗೇ ಒಂದು ಸಾಕ್ಷಿ ಇದೆ. ಪ್ರತಿ ಕಿಲೋ ಮಾಂಸದಲ್ಲಿ ಮೂರು ನಾಲ್ಕು ಗ್ರಾಂ ಪೊಟ್ಯಾಸಿಯಂ, ಒಂದು ಗ್ರಾಂಗೆ ಸುಮಾರು 31 ಬೆಕ್ಕರೆಲ್ ಪೊಟ್ಯಾಸಿಯಂ-40. ಆದ್ದರಿಂದ 1460.8ರ ಗೆರೆಯಲ್ಲಿ ಕಿಲೋಗೆ 100ರ ಆಸುಪಾಸು ಬರಲೇಬೇಕು. 40 ಬಂದಿದ್ದರೆ ಮಂಜುಗಡ್ಡೆಯ ನೀರು ಸೇರಿದೆ ಅಥವಾ ಬೀಕರ್ ಅರ್ಧ ಖಾಲಿ. 400-500 ಬಂದಿದ್ದರೆ ಯಾರೋ ಒಣತೂಕದ ಅಂಕಿಯನ್ನು ಹಸಿತೂಕದ ಕಾಲಮ್ಮಿಗೆ ಬರೆದಿದ್ದಾರೆ, ಯಾಕೆಂದರೆ ಮೀನಿನ ಮಾಂಸದ ಮುಕ್ಕಾಲು ಪಾಲು ಅಥವಾ ಅದಕ್ಕೂ ಹೆಚ್ಚು ನೀರು. ಈ ಗೊಂದಲ ನೀವು ಎಣಿಸಿದ್ದಕ್ಕಿಂತ ಸಾಮಾನ್ಯ. ಹಾಗಾಗಿ ಸೀಸಿಯಂ ಅಂಕಿಯ ಪಕ್ಕದಲ್ಲಿ ಪೊಟ್ಯಾಸಿಯಂ-40ರ ಅಂಕಿಯನ್ನೂ ಪ್ರಕಟಿಸಿ. ಅದರಿಂದ ಓದುವವರಿಗೂ ಪರೀಕ್ಷಿಸುವ ದಾರಿ ಸಿಗುತ್ತದೆ.

ಇಷ್ಟಾದರೂ ಕೈಗಾದ ಮಟ್ಟಿಗೆ ಮುಖ್ಯವಾದದ್ದು ಇನ್ನೂ ಉಳಿದಿದೆ. ಅಲ್ಲಿಯ ರಿಯಾಕ್ಟರುಗಳು ಭಾರಜಲದವು. ಭಾರಜಲದಲ್ಲಿರುವ ಭಾರದ ಹೈಡ್ರೋಜನ್, ಅಂದರೆ ಡ್ಯೂಟೀರಿಯಂ, ನ್ಯೂಟ್ರಾನ್ ನುಂಗಿ ವಿಕಿರಣಶೀಲ ಹೈಡ್ರೋಜನ್ ಆದ ಟ್ರೀಷಿಯಂ ಆಗುತ್ತದೆ, ಅರ್ಧಾಯುಷ್ಯ 12.3 ವರ್ಷ. ಅದು ಗಾಮಾ ಹೊಮ್ಮಿಸುವುದಿಲ್ಲ. ಮೇಲಿನ ಯಂತ್ರ ವರ್ಷವಿಡೀ ಎಣಿಸಿದರೂ ಟ್ರೀಷಿಯಂ ಕಾಣದು. ಗಾಮಾ ವರದಿಯೊಂದನ್ನೇ ತೋರಿಸಿ ಮೀನನ್ನು ಪರೀಕ್ಷಿಸಿದ್ದೇವೆ ಎಂದರೆ ಭಾರಜಲದ ಸ್ಥಾವರದ ಪಕ್ಕದಲ್ಲಿ ಆ ಮಾತಿಗೆ ತೂಕವಿಲ್ಲ.

ಟ್ರೀಷಿಯಂಗೆ ಮೀನು ಹಿಡಿಯುವ ರೀತಿಯೇ ಬೇರೆ. ಮೀನಿನ ಮೈನೀರು ಸುತ್ತಲಿನ ನೀರಿನೊಂದಿಗೆ ಬಲುಬೇಗ ಅದಲುಬದಲಾಗುತ್ತದೆ. ಪಟ್ಟಣದ ನಲ್ಲಿನೀರಿನ ಮಂಜುಗಡ್ಡೆ ಪೆಟ್ಟಿಗೆಯಲ್ಲಿ ಬಂದ ಮೀನಿನಲ್ಲಿ ನೀವು ಅಳೆಯುವುದು ಕಾಳಿಯನ್ನು ಅರ್ಧ, ನಲ್ಲಿಯನ್ನು ಅರ್ಧ. ಹಿಡಿದ ಕೂಡಲೇ ಬಟ್ಟೆಯಿಂದ ಒರೆಸಿ, ತೊಳೆಯದೆ, ಎರಡು ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ, ಮಂಜುಗಡ್ಡೆ ಮೈಗೆ ತಾಗದಂತೆ ತರಬೇಕು. ಅದೇ ಜಾಗದ ನೀರನ್ನೂ ಅದೇ ಗಳಿಗೆಯಲ್ಲಿ ತುಂಬಿಕೊಳ್ಳಬೇಕು. ಪ್ರಯೋಗಾಲಯದಲ್ಲಿ ಹೆಪ್ಪುಗಟ್ಟಿಸಿ ನಿರ್ವಾತದಲ್ಲಿ ಒಣಗಿಸಿದಾಗ ಬಿಡುವ ನೀರನ್ನು ತಣ್ಣನೆಯ ಬಲೆಯಲ್ಲಿ ಹಿಡಿದು, ಬಟ್ಟಿ ಇಳಿಸಿ, 8 ಮಿಲಿಲೀಟರಿಗೆ 12 ಮಿಲಿಲೀಟರ್ ಸಿಂಟಿಲೇಷನ್ ದ್ರಾವಣ (ವಿಕಿರಣ ತಾಗಿದರೆ ಮಿನುಗುವಂಥದ್ದು) ಬೆರೆಸಿ, ಒಂದು ರಾತ್ರಿ ಕತ್ತಲಲ್ಲಿಟ್ಟು ಎಣಿಸುವುದು. ಕತ್ತಲಲ್ಲಿಡದೆ ಎಣಿಸಿದರೆ ರಾಸಾಯನಿಕ ಹೊಳಪು ಟ್ರೀಷಿಯಂನ ವೇಷ ಹಾಕಿಕೊಂಡು ಬರುತ್ತದೆ. ಶೇ. 25 ದಕ್ಷತೆ, ನಿಮಿಷಕ್ಕೆ 15 ಹಿನ್ನೆಲೆ ಇರುವ ಸಾಧಾರಣ ಯಂತ್ರದಲ್ಲಿ 300 ನಿಮಿಷ ಎಣಿಸಿದರೆ ಪತ್ತೆ ಮಿತಿ ಲೀಟರಿಗೆ ಸುಮಾರು 9 ಬೆಕ್ಕರೆಲ್, ನಿಮಿಷಕ್ಕೆ 2 ಹಿನ್ನೆಲೆಯ ಯಂತ್ರದಲ್ಲಿ 500 ನಿಮಿಷಕ್ಕೆ 2.5. ಹೋಲಿಕೆಯ ಖಾಲಿ ಮಾದರಿಗೆ ಹಳೆಯ ಆಳದ ಅಂತರ್ಜಲ ಬಳಸಬೇಕು. ಸ್ಥಾವರದೊಳಗೆ ಕೆಲಸ ಮಾಡಿ ಬಂದವರು ಅದೇ ಬಟ್ಟೆಯಲ್ಲಿ ಈ ಕೋಣೆಗೆ ಬರಬಾರದು, ಗಾಳಿಯ ತೇವದಿಂದಲೇ ಮಾದರಿ ಕೆಡುತ್ತದೆ.

ಮೀನಿನ ಮೈನೀರಿನ ಅಂಕಿ ಹೊಳೆನೀರಿನ ಅಂಕಿಗೆ ಹೊಂದಬೇಕು. ಹೊಂದದಿದ್ದರೆ ಮೀನು ಬೇರೆಡೆಯಿಂದ ಈಗಷ್ಟೇ ಬಂದಿದೆ, ಅಥವಾ ಸಾಗಣೆಯಲ್ಲಿ ಕೆಟ್ಟಿದೆ. ಒಣಗಿ ಉಳಿದ ಮಾಂಸವನ್ನು ಎಸೆಯಬೇಡಿ. ಅಂಗಾಂಶಕ್ಕೇ ಕಟ್ಟಿಕೊಂಡ ಟ್ರೀಷಿಯಂ ಅದರಲ್ಲಿದೆ. ಆಮ್ಲಜನಕದಲ್ಲಿ ಸುಟ್ಟು ಬರುವ ನೀರನ್ನು ಎಣಿಸಿದರೆ ಅದು ಸಿಗುತ್ತದೆ, ವರ್ಷಕ್ಕೊಮ್ಮೆಯಾದರೂ ಮಾಡಬೇಕು. ಅದು ಮೈಯಿಂದ ಬೇಗ ಹೋಗುವುದಿಲ್ಲ.

ಸ್ಟ್ರಾನ್ಶಿಯಂಗೆ ಸಣ್ಣ ಮೀನಿನ ಬೂದಿಯಿಂದ ರಾಸಾಯನಿಕವಾಗಿ ಬೇರ್ಪಡಿಸಿ, ಅದರಿಂದ ಹುಟ್ಟುವ ಯಿಟ್ರಿಯಂ-90 ಕೂಡಿಕೊಳ್ಳಲು ಎರಡು ವಾರ ಕಾಯಬೇಕು. ವರ್ಷಕ್ಕೆ ನಾಲ್ಕಾರು ಮಾದರಿ ಸಾಕು.

ಪ್ರಮಾಣದ ಅರಿವಿಲ್ಲದೆ ಅಂಕಿ ಕೊಟ್ಟರೆ ಜನ ಹೆದರುತ್ತಾರೆ, ಇದು ನಿಜ. ಅದಕ್ಕೆ ಮದ್ದು ಅಂಕಿ ಮುಚ್ಚಿಡುವುದಲ್ಲ, ಪಕ್ಕದಲ್ಲಿ ಲೆಕ್ಕ ಬರೆಯುವುದು. ವರ್ಷಕ್ಕೆ 10 ಕಿಲೋ ಮೀನು ತಿನ್ನುವ ವಯಸ್ಕರಿಗೆ ಕಿಲೋಗೆ 1 ಬೆಕ್ಕರೆಲ್ ಸೀಸಿಯಂ-137ರಿಂದ ಬರುವುದು 0.13 ಮೈಕ್ರೋಸೀವರ್ಟ್ (ಮೈಗೆ ತಾಗುವ ವಿಕಿರಣದ ಅಳತೆ). ಕಿಲೋಗೆ 100 ಬೆಕ್ಕರೆಲ್ ಟ್ರೀಷಿಯಂ ನೀರಿನಿಂದ 0.02. ಸಾರ್ವಜನಿಕರಿಗೆ ಮಂಡಳಿ ಇಟ್ಟಿರುವ ವಾರ್ಷಿಕ ಮಿತಿ 1,000 ಮೈಕ್ರೋಸೀವರ್ಟ್. ಆದರೆ ಕಿಲೋಗೆ 1 ಬೆಕ್ಕರೆಲ್ ಪೊಲೋನಿಯಂ-210 ಇದ್ದರೆ ಅದೇ 10 ಕಿಲೋದಿಂದ 12, ಒಂದೆರಡು ವರ್ಷದ ಮಗು ಅಷ್ಟೇ ತಿಂದರೆ 88. ಪೊಲೋನಿಯಂ ರಿಯಾಕ್ಟರಿನದಲ್ಲ, ಭೂಮಿಯ ಯುರೇನಿಯಂ ಸರಣಿಯದು, ಎಲ್ಲ ಹೊಳೆಯ ಮೀನಿನಲ್ಲೂ ಇರುತ್ತದೆ. ಅದನ್ನೂ ಅಳೆದು ಪಕ್ಕದ ಕಾಲಮ್ಮಿನಲ್ಲಿ ಹಾಕಿದರೆ ಸ್ಥಾವರದ ಪಾಲೆಷ್ಟು, ಪ್ರಕೃತಿಯ ಪಾಲೆಷ್ಟು ಎಂದು ಜನರೇ ನೋಡಿಕೊಳ್ಳುತ್ತಾರೆ. ಅದಕ್ಕೆ ಒಣ ಬೂದಿ ಮಾಡುವಂತಿಲ್ಲ, ಪೊಲೋನಿಯಂ ಕಡಿಮೆ ಉಷ್ಣತೆಗೇ ಹಾರಿಹೋಗುತ್ತದೆ. ಆಮ್ಲದಲ್ಲಿ ಕರಗಿಸಿ ಬೆಳ್ಳಿಯ ಬಿಲ್ಲೆಯ ಮೇಲೆ ಕೂರಿಸಿ ಆಲ್ಫಾ ಎಣಿಸಬೇಕು. ಅರ್ಧಾಯುಷ್ಯ 138 ದಿನ, ಆದ್ದರಿಂದ ಹಿಡಿದ ದಿನಕ್ಕೆ ತಿದ್ದದ ಅಂಕಿ ಉಪಯೋಗವಿಲ್ಲ.

10 ಕಿಲೋ ಎಂಬುದು ಲೆಕ್ಕದ ಸುಲಭಕ್ಕೆ. ಹೊಳೆ ದಂಡೆಯಲ್ಲಿ ದಿನಾ ಮೀನು ತಿನ್ನುವ ಮನೆಗಳಲ್ಲಿ ಅದು ಎಷ್ಟೋ ಪಟ್ಟು ಇರುತ್ತದೆ. ಮೀನುಗಾರರ ಸಹಕಾರ ಸಂಘಗಳ ಮೂಲಕ ಯಾರ ಮನೆಯಲ್ಲಿ ವಾರಕ್ಕೆ ಎಷ್ಟು, ಯಾವ ಜಾತಿ, ಹಸಿಯೋ ಒಣಗಿಸಿದ್ದೋ ಎಂದು ಕೇಳಿ ಬರೆದುಕೊಳ್ಳುವ ಕೆಲಸ ಮೀನುಗಾರಿಕೆ ಇಲಾಖೆಯದೇ ಆಗಬಹುದು. ಇನ್ನೊಂದು ಎಚ್ಚರಿಕೆ: ಅಂತರರಾಷ್ಟ್ರೀಯ ಆಹಾರ ಮಾನಕ ಸಂಸ್ಥೆ ಕೋಡೆಕ್ಸ್‌ನ ಕಿಲೋಗೆ 1,000 ಬೆಕ್ಕರೆಲ್ ಸೀಸಿಯಂ ಎಂಬ ಮಟ್ಟ ಅಣು ಅವಘಡದ ನಂತರ ದೇಶದಿಂದ ದೇಶಕ್ಕೆ ಹೋಗುವ ಆಹಾರಕ್ಕೆಂದು ಮಾಡಿದ್ದು. ಮಾಮೂಲಿ ದಿನಗಳ ಕದ್ರಾದ ಮೀನನ್ನು ಅದಕ್ಕೆ ಹೋಲಿಸಿ ಸಮಾಧಾನ ಹೇಳುವುದು ಸರಿಯಲ್ಲ. ಹೋಲಿಸಬೇಕಾದದ್ದು ಸೂಪಾದ ಮೀನಿಗೆ, ಮತ್ತು ಹೋದ ವರ್ಷದ ಅಂಕಿಗೆ.

ಕೆಲಸ ದೊಡ್ಡದೆನಿಸಬಹುದು. ನಾಲ್ಕು ಜಾಗ, ಮೂರು ಬಗೆ, ಎರಡು ಕಾಲ ಸೇರಿ ವರ್ಷಕ್ಕೆ 24 ಮಾದರಿ. ಒಂದಕ್ಕೆ 60,000 ಸೆಕೆಂಡು ಎಂದರೆ 16 ಗಂಟೆ 40 ನಿಮಿಷ, ಸಂಜೆ ಇಟ್ಟರೆ ಮರುದಿನ ಬೆಳಗ್ಗೆ ಮುಗಿಯುತ್ತದೆ. ಖಾಲಿ ಬೀಕರಿನ ಎಣಿಕೆ, ಎರಡನೇ ಸಲದ ಎಣಿಕೆ ಎಲ್ಲ ಸೇರಿಸಿದರೂ ಒಂದು ಡಿಟೆಕ್ಟರಿನ ಒಂದು ತಿಂಗಳ ರಾತ್ರಿಗಳು. 24ರಲ್ಲಿ ನಾಲ್ಕನ್ನು ಎರಡು ಪಾಲು ಮಾಡಿ ಒಂದು ಪಾಲನ್ನು ಸ್ಥಾವರಕ್ಕೆ ಸಂಬಂಧವಿಲ್ಲದ ಪ್ರಯೋಗಾಲಯಕ್ಕೆ ಕೊಡಿ. ಮಂಗಳೂರು ವಿಶ್ವವಿದ್ಯಾಲಯದಲ್ಲಿ ಪರಿಸರ ವಿಕಿರಣಶೀಲತೆಯ ಸಂಶೋಧನಾ ಕೇಂದ್ರವೇ ಇದೆ. ಎರಡೂ ಕಡೆಯ ಅಂಕಿ ಹೊಂದದಿದ್ದರೆ ಎರಡನ್ನೂ ಪ್ರಕಟಿಸಿ.

ಪ್ರಕಟಣೆ ಕನ್ನಡದಲ್ಲಿರಲಿ, ಕದ್ರಾ-ಮಲ್ಲಾಪುರದ ಪಂಚಾಯಿತಿ ಕಚೇರಿಗಳಲ್ಲೂ ಕಾರವಾರದ ಮೀನು ಮಾರುಕಟ್ಟೆಯಲ್ಲೂ ತೂಗುಹಾಕಿ. ಒಂದು ಸಾಲು ಹೀಗಿದ್ದರೆ ಸಾಕು: ಜಾತಿ, ಜಾಗ, ಹಿಡಿದ ದಿನ, ಎಷ್ಟು ಮೀನು, ಮಾಂಸವೋ ಇಡಿಯೋ, ಹಸಿತೂಕ, ಎಣಿಸಿದ ಕಾಲ, ಸೀಸಿಯಂ-137, ಪೊಟ್ಯಾಸಿಯಂ-40, ಟ್ರೀಷಿಯಂ, ಪೊಲೋನಿಯಂ-210, ಪ್ರತಿಯೊಂದಕ್ಕೂ ಅನಿಶ್ಚಿತತೆ ಅಥವಾ ಪತ್ತೆ ಮಿತಿ. ಮುಂಗಾರಿಗೆ ಮುಂಚಿನ ಮಾದರಿ ತೆಗೆಯುವುದಾದರೆ ಏಪ್ರಿಲ್ ಮೊದಲ ವಾರಕ್ಕೆ ಚೀಟಿ, ಚೀಲ, ದೋಣಿ ಸಿದ್ಧವಿರಬೇಕು. ಚೀಟಿಯ ನಮೂನೆ ಬೇಕಿದ್ದರೆ ಮಾಡಿಕೊಡುತ್ತೇವೆ.

ಇಂತಿ,
ಪರಿಸರ ವಿಕಿರಣ ಅಳೆಯುವ ಕೆಲಸ ಬಲ್ಲ ಕೆಲವರು